ಮಲಿದಾ ತಟ್ಟೆ ಮುಂದೆ: ಠಾಣೆಯ ಒಂದು ಯಹೂದಿ ಮನೆಯ ಹರಕೆ

2024ರಲ್ಲಿ ನಮ್ಮ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂತು, ಯಹೂದಿಗಳ ಯೋಮ್ ಕಿಪ್ಪೂರ್ ಕೂಡ ಅವತ್ತೇ. 2025ರಲ್ಲಿ ಅಕ್ಟೋಬರ್ 2, ಮತ್ತೆ ಎರಡೂ ಒಂದೇ ದಿನ. ಇದೇನು ಕಾಕತಾಳೀಯ ಅಲ್ಲ, ಅವರ ಪಂಚಾಂಗನೂ ಚಂದ್ರನ್ನ ನೋಡ್ಕೊಂಡೇ ನಡಿಯೋದು, ಅವರಿಗೂ ಅಧಿಕಮಾಸ ಇದೆ, 19 ವರ್ಷಕ್ಕೆ 7 ಸಲ ಒಂದೊಂದು ತಿಂಗಳು ಜಾಸ್ತಿ ಸೇರಿಸ್ತಾರೆ, ಹಾಗಾಗಿ ಎಷ್ಟೋ ವರ್ಷ ನಮ್ಮ ನವರಾತ್ರಿ ಶುರುವಾಗೋ ಅಮಾವಾಸ್ಯೆ ಕಳೆದ ಮೇಲೇ ಅವರ ಹೊಸ ವರ್ಷ, ಹತ್ತನೇ ದಿನಕ್ಕೆ ನಮಗೆ ದಸರಾ, ಅವರಿಗೆ ಪ್ರಾಯಶ್ಚಿತ್ತದ ಉಪವಾಸ.

ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಮುಂಬೈ ಪಕ್ಕದ ನಮ್ಮ ಠಾಣೆ ಊರಿಗೆ ಬರ್ಬೇಕು. ಟೆಂಭಿ ನಾಕಾದಲ್ಲಿ ನವರಾತ್ರಿ ದೇವಿ ಕೂರಿಸ್ತಾರಲ್ಲ, ಆ ಜನಸಾಗರ, ಸ್ಪೀಕರು, ಲೈಟಿಂಗು, ಕ್ಯೂ ನಿಂತಿರೋ ಹೆಂಗಸ್ರು ಮಕ್ಳು, ಅದೇ ಏರಿಯಾದಲ್ಲೇ ಒಂದು ಕಾಂಪೌಂಡ್ ಒಳಗೆ ಶಾರ್ ಹಶ್ಶಾಮಯಿಮ್ ಅಂತ ಒಂದು ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, 1879ರದ್ದು, ಹೆಸರಿನ ಅರ್ಥ ಸ್ವರ್ಗದ ಬಾಗಿಲು. ಹೊರಗೆ ದೇವಿಗೆ ಜೈಕಾರ, ಒಳಗೆ ಬಿಳೀ ಬಟ್ಟೆ ಹಾಕ್ಕೊಂಡು ಕೂತಿರೋ ಜನ, ಹಿಂದಿನ ಸಂಜೆಯಿಂದ ಒಂದು ಹನಿ ನೀರೂ ಕುಡಿದಿಲ್ಲ, ವರ್ಷಪೂರ್ತಿ ಮಾಡಿದ್ದನ್ನೆಲ್ಲ ನೆನೆಸ್ಕೊಂಡು ಕ್ಷಮೆ ಕೇಳ್ತಾ ಕೂತಿರ್ತಾರೆ. ಇಬ್ಬರಿಗೂ ತೊಂದ್ರೆ ಇಲ್ಲ. ನಂಗೆ ಈ ಊರಿನ ಮೇಲೆ ಪ್ರೀತಿ ಬರೋಕೆ ಇದೊಂದೇ ಸಾಕು.

ನಮ್ಮ ಬಿಲ್ಡಿಂಗಲ್ಲೇ ಒಂದು ಬೆನೆ ಇಸ್ರೇಲ್, ಅಂದ್ರೆ ಕೊಂಕಣ ಕರಾವಳಿಯ ಯಹೂದಿಗಳ ಕುಟುಂಬ ಇದೆ. ಮನೆ ಮಾತು ಮರಾಠಿ. ಮೌಶಿ (ಎಲ್ಲರೂ ಹಾಗೇ ಕರೆಯೋದು) ಸೀರೆ ಉಡ್ತಾರೆ, ಕೊರಳಲ್ಲಿ ಕರಿಮಣಿ ಮಂಗಳಸೂತ್ರ, ಬಾಗಿಲ ಬಲಗಡೆ ಚೌಕಟ್ಟಿಗೆ ಒಂದು ಸಣ್ಣ ಡಬ್ಬಿ ಓರೆಯಾಗಿ ಹೊಡೆದಿದ್ದಾರೆ, ಅದರೊಳಗೆ ಚರ್ಮದ ಹಾಳೆ ಮೇಲೆ ಕೈಯಲ್ಲಿ ಬರೆದ ಮಂತ್ರ ಇರುತ್ತೆ, ಮೆಝುಝಾ ಅಂತ. ಒಳಗೆ ಹೋಗ್ತಾ ಹೊರಗೆ ಬರ್ತಾ ಅದನ್ನ ಮುಟ್ಟಿ ಬೆರಳಿಗೆ ಮುತ್ತು ಕೊಟ್ಕೋತಾರೆ. ತರಕಾರಿ ಚೀಲ ಹಿಡ್ಕೊಂಡು ಲಿಫ್ಟ್ ಕೆಟ್ಟು ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬಂದ್ರೂ ಅದನ್ನ ಮುಟ್ಟದೆ ಒಳಗೆ ಕಾಲಿಡಲ್ಲ ಮೌಶಿ.

ಇವರ ಹಿರಿಯರು ಎಷ್ಟೋ ಶತಮಾನಗಳ ಹಿಂದೆ ಹಡಗು ಒಡೆದು ಅಲಿಬಾಗ್ ಹತ್ರ ನವಗಾಂವ್ ಅನ್ನೋ ಊರಿನ ದಡಕ್ಕೆ ಬಂದು ಬಿದ್ರಂತೆ, ಉಳಿದಿದ್ದು ಏಳು ಗಂಡಸ್ರು ಏಳು ಹೆಂಗಸ್ರು ಮಾತ್ರ, ಸತ್ತವರನ್ನ ಅಲ್ಲೇ ಮಣ್ಣು ಮಾಡಿದ್ರು ಅಂತ ಹೇಳ್ತಾರೆ, ಆ ಜಾಗಕ್ಕೆ ಈಗ್ಲೂ ಹೋಗಿ ಬರ್ತಾರೆ. ಪುಸ್ತಕ ಇಲ್ಲ, ಗುರು ಇಲ್ಲ, ಭಾಷೆನೂ ಮರೆತೋಯ್ತು. ಆದ್ರೆ ಶನಿವಾರ ಕೆಲ್ಸ ಮಾಡ್ಬಾರ್ದು ಅನ್ನೋದು ಮರೀಲಿಲ್ಲ, ಗಾಣ ಆಡಿಸ್ಕೊಂಡು ಎಣ್ಣೆ ಮಾರ್ತಿದ್ದ ಇವರನ್ನ ಊರವರು ಶನಿವಾರ ತೇಲಿ ಅಂತ ಕರೆದ್ರು. ಮಗು ಹುಟ್ಟಿದ ಎಂಟನೇ ದಿನದ ಸುನ್ನತಿ ಮರೀಲಿಲ್ಲ, ರೆಕ್ಕೆ ಪೊರೆ ಇಲ್ಲದ ಮೀನು ತಿನ್ಬಾರ್ದು ಅನ್ನೋದು ಮರೀಲಿಲ್ಲ, ಶೆಮಾ ಅನ್ನೋ ಒಂದು ಪ್ರಾರ್ಥನೆ, ದೇವರು ಒಬ್ಬನೇ ಅನ್ನೋದು, ಅದೊಂದು ನಾಲಿಗೆ ಮೇಲೆ ಉಳ್ಕೊಂಡಿತ್ತು. ಎಷ್ಟು ತಲೆಮಾರು ಆ ಒಂದು ವಾಕ್ಯನ ಅಮ್ಮಂದಿರು ಮಕ್ಕಳಿಗೆ ಹೇಳ್ಕೊಟ್ಟಿರ್ಬೇಕು ಯೋಚ್ನೆ ಮಾಡಿ.

ಹಬ್ಬಗಳಿಗೂ ಮರಾಠಿ ಹೆಸರೇ. ಯೋಮ್ ಕಿಪ್ಪೂರ್‌ಗೆ ಇವರ ಹಳೇ ಹೆಸರು ದಾರ್‌ಫಾಲ್ನೀಚಾ ಸಣ್, ಬಾಗಿಲು ಹಾಕ್ಕೊಳ್ಳೋ ಹಬ್ಬ. ಹಿಂದೆ ಸಿನಗಾಗ್ ಇಲ್ಲದ ಕಾಲದಲ್ಲಿ ಹಳ್ಳಿಲಿ ಮನೆ ಬಾಗಿಲು ಹಾಕ್ಕೊಂಡು ಯಾರನ್ನೂ ನೋಡದೆ ಮುಟ್ಟದೆ ಉಪವಾಸ ಕೂರ್ತಿದ್ರಂತೆ, ತೀರ್ಕೊಂಡ ಹಿರಿಯರು ಆ ಹೊತ್ತಿಗೆ ಮನೆಗೆ ಬಂದು ಹೋಗ್ತಾರೆ ಅನ್ನೋ ನಂಬಿಕೆನೂ ಇತ್ತು. ಮಾರನೇ ದಿನ ಶಿಳಾ ಸಣ್, ಬಾಗಿಲು ತೆಗೆದು ಬಡವರಿಗೆ ಕೊಟ್ಟು ನೆಂಟರ ಮನೆಗೆ ಹೋಗಿ ಬರೋದು. ಜೆರುಸಲೇಮಿನ ದೇವಾಲಯ ಬಿದ್ದ ದುಃಖಕ್ಕೆ ಇಡೋ ಉಪವಾಸ ಬಿರ್ಡ್ಯಾಚಾ ರೋಜಾ, ಯಾಕಂದ್ರೆ ಸಂಜೆ ಉಪವಾಸ ಬಿಡೋದು ಬಿರ್ಡೆ ತಿಂದು, ಅಂದ್ರೆ ಅವರೆ ಕಾಳು ಮೊಳಕೆ ಕಟ್ಟಿ ಸಿಪ್ಪೆ ತೆಗೆದು ತೆಂಗಿನಕಾಯಿ ಹಾಕಿ ಮಾಡೋ ಪಲ್ಯ, ನಮ್ಮ ಹಿದುಕವರೆಗೆ ಸ್ವಂತ ತಂಗಿ ಅದು. ಇನ್ನು ಮಾಂಸದ ಜೊತೆ ಹಾಲು ಸೇರಿಸ್ಬಾರ್ದು ಅಂತ ಇವರ ಅಡುಗೇಲಿ ಎಲ್ಲದಕ್ಕೂ ತೆಂಗಿನ ಹಾಲು. ಹೊಸ ವರ್ಷಕ್ಕೆ ಗೋಧಿ ಹಾಲು ತೆಗೆದು ತೆಂಗಿನ ಹಾಲಲ್ಲಿ ತಿರುವಿ ತಿರುವಿ ಹಲ್ವ ಮಾಡ್ತಾರೆ, ಕೈ ಬಿದ್ದೋಗುತ್ತೆ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆಗೆ ದ್ರಾಕ್ಷಾರಸ ಬೇಕಲ್ಲ, ಅದಕ್ಕೆ ಕಪ್ಪು ಒಣದ್ರಾಕ್ಷಿ ನೆನೆಹಾಕಿ ಹಿಂಡಿ ಶರಬತ್ತು.

ಈಗ ಮಲಿದಾ, ಅಂದ್ರೆ ಹರಕೆ ತೀರಿಸೋಕೆ ಸಿಹಿ ಅವಲಕ್ಕಿ ಇಟ್ಟು ಮಾಡೋ ಪ್ರಾರ್ಥನೆ ವಿಷ್ಯಕ್ಕೆ ಬರ್ತೀನಿ, ಇದನ್ನ ಹೇಳೋಕೇ ಬರೆಯೋಕೆ ಕೂತಿದ್ದು.

ಮೌಶಿ ಮಗಳು ಇಸ್ರೇಲಿನ ಅಷ್ದೋದ್‌ನಲ್ಲಿ ಇರೋದು. ಹೆರಿಗೆ ಟೈಮಲ್ಲಿ ತುಂಬಾ ಕಷ್ಟ ಆಗಿ ಇಲ್ಲಿ ಮೌಶಿ ಊಟ ನಿದ್ದೆ ಬಿಟ್ಟಿದ್ರು, ಆಗ ಎಲಿಯಾಹು ಹನ್ನಾಬಿ ಹೆಸರಲ್ಲಿ ಹರಕೆ ಹೊತ್ಕೊಂಡ್ರು. ಎಲಿಯಾಹು ಅಂದ್ರೆ ಪ್ರವಾದಿ ಎಲೀಯ, ಬೆಂಕಿ ರಥದಲ್ಲಿ ಜೀವಂತ ಸ್ವರ್ಗಕ್ಕೆ ಹೋದವನು, ಬರಗಾಲದಲ್ಲಿ ಒಬ್ಬ ಬಡ ವಿಧವೆ ಮನೆಗೆ ಹೋಗಿ ಅವಳ ಮಡಕೆ ಹಿಟ್ಟು ಖಾಲಿ ಆಗದ ಹಾಗೆ ಮಾಡಿದವನು. ಸಾವೇ ಬರದವನು, ಹಾಗಾಗಿ ಕರೆದ್ರೆ ಈಗ್ಲೂ ಬರ್ತಾನೆ ಅನ್ನೋದು ಇವರ ನಂಬಿಕೆ. ಹಡಗು ಒಡೆದು ದಡದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದವರನ್ನ ಎಬ್ಬಿಸಿದ್ದೂ ಅವನೇ ಅಂತಾರೆ. ಬೆನೆ ಇಸ್ರೇಲ್ ಮನೆಗಳಲ್ಲಿ ಅವನ ರಥದ ಪಟ ಇರುತ್ತೆ ಗೋಡೆ ಮೇಲೆ.

ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ ಅಂತ ಫೋನ್ ಬಂದ್ಮೇಲೆ ಮೌಶಿ ಬಿಲ್ಡಿಂಗಿನ ನಮ್ಮಂಥ ಒಂದಷ್ಟು ಜನರನ್ನೂ ಕರೆದ್ರು. ದೊಡ್ಡ ಹರಿವಾಣದಲ್ಲಿ ನೆನೆಸಿದ ಅವಲಕ್ಕಿ, ಸಕ್ಕರೆ, ಆಗಷ್ಟೇ ತುರಿದ ತೆಂಗಿನಕಾಯಿ, ಏಲಕ್ಕಿ ಪುಡಿ, ದ್ರಾಕ್ಷಿ ಬಾದಾಮಿ ಎಲ್ಲ ಕಲಸಿ ಗೋಪುರ ಮಾಡಿ ಇಟ್ಟಿದ್ರು, ಸುತ್ತ ಐದು ಥರ ಹಣ್ಣು, ಖರ್ಜೂರ ಬಾಳೆಹಣ್ಣು ಸೇಬು ಇತ್ಯಾದಿ, ಮೇಲೆ ಗುಲಾಬಿ ಹೂವು. ಊದುಬತ್ತಿ ವಾಸನೆ, ಕಾಯಿ ವಾಸನೆ, ಏಲಕ್ಕಿ ವಾಸನೆ. ಕಣ್ಣು ಮುಚ್ಕೊಂಡಿದ್ರೆ ನಮ್ಮೂರ ಮನೇಲಿ ಇದ್ದೀನಿ ಅನ್ನಿಸ್ಬೇಕು. ಗಂಡಸ್ರೆಲ್ಲ ಟೋಪಿ ಹಾಕ್ಕೊಂಡ್ರು, ಹೆಂಗಸ್ರು ತಲೆ ಮೇಲೆ ಸೆರಗು. ಸಿನಗಾಗ್‌ನಿಂದ ಬಂದಿದ್ದ ಹಝಾನ್, ಅಂದ್ರೆ ಪ್ರಾರ್ಥನೆ ನಡೆಸೋರು, ಶುರು ಮಾಡಿದ್ರು, ಎಲ್ಲರೂ ಸೇರಿ ಎಲಿಯಾಹು ಹನ್ನಾಬಿ ಎಲಿಯಾಹು ಹನ್ನಾಬಿ ಅಂತ ಹಾಡಿದ್ರು, ಭಾಷೆ ಹೀಬ್ರು, ರಾಗ ಕೇಳಿದ್ರೆ ಇಲ್ಲಿನ ಭಜನೆದೇ.

ಆಮೇಲೆ ನಡೆದಿದ್ದು ನಂಗೆ ತುಂಬಾ ಹಿಡಿಸ್ತು. ಎಲ್ಲ ಒಟ್ಟಿಗೆ ಕಲಸಿ ಕೊಡಲ್ಲ. ಮೊದ್ಲು ಹೂವು ಮೂಸೋಕೆ ಕೊಟ್ರು, ಪರಿಮಳ ಸೃಷ್ಟಿ ಮಾಡಿದ ದೇವರಿಗೆ ಸ್ತುತಿ. ಆಮೇಲೆ ಖರ್ಜೂರ, ಮರದ ಹಣ್ಣು ಸೃಷ್ಟಿ ಮಾಡಿದವನಿಗೆ ಸ್ತುತಿ. ಆಮೇಲೆ ಬಾಳೆಹಣ್ಣು, ಅದಕ್ಕೆ ಬೇರೆ ಮಂತ್ರ, ಯಾಕಂದ್ರೆ ಬಾಳೆ ಮರ ಅಲ್ಲ ಗಿಡ, ಅದು ನೆಲದ ಫಲ. ಒಂದೊಂದು ತುತ್ತಿಗೂ ನಿಂತು ಇದು ಎಲ್ಲಿಂದ ಬಂತು ಅಂತ ಹೇಳಿ ಆಮೇಲೆ ಬಾಯಿಗೆ. ಪಕ್ಕದಲ್ಲಿ ಕೂತಿದ್ದ ಎಂಟೊಂಬತ್ತು ವರ್ಷದ ಹುಡುಗ ನನ್ನ ಕೈಲಿದ್ದ ಬಾಳೆಹಣ್ಣಿನ ಚೂರು ನೋಡಿ "ಆಂಟಿ ಅಮೆನ್ ಅಂದ್ಮೇಲೆ ತಿನ್ನಿ" ಅಂದ. ಅಮೆನ್ ಅಂದು ತಿಂದೆ.

ಇದು ಪ್ರವಾದಿಗೆ ಪೂಜೆನಾ ಅಂತ ಕೇಳ್ದೆ. ಮೌಶಿ ಸ್ಪಷ್ಟವಾಗಿ ಹೇಳಿದ್ರು, "ನಹೀ ಬಾಳಾ, ಕೊಟ್ಟೋನು ದೇವರು, ಥ್ಯಾಂಕ್ಸ್ ದೇವರಿಗೆ, ಎಲಿಯಾಹು ನಮ್ಮ ಜೊತೆ ಕೂತು ಸಾಕ್ಷಿ ಆಗ್ತಾನೆ ಅಷ್ಟೇ. ಆದ್ರೆ ನಾನೊಬ್ಳೇ ಬಾಗಿಲು ಹಾಕ್ಕೊಂಡು ತಿಂದ್ರೆ ಹರಕೆ ತೀರಲ್ಲ."

ನಮ್ಮ ಮಂಡ್ಯ ಕಡೆ ಹರಿಸೇವೆ ಮಾಡ್ತಾರೆ ಗೊತ್ತಲ್ಲ, ಮಗು ಹುಷಾರಾಗ್ಲಿ, ಬೆಳೆ ಕೈಗೆ ಬರ್ಲಿ ಅಂತ ಹೊತ್ಕೊಂಡು, ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿ, ಬಂಧುಬಳಗ ಊರೋರು ಎಲೆ ಮುಂದೆ ಕೂತು ಉಂಡ್ರೇನೇ ಅದು ಮುಗಿಯೋದು. ನಮ್ಮಜ್ಜಿ ಅಂತೂ ಒಬ್ರು ಉಣ್ಣದೆ ಹೋದ್ರೂ ಹಿಂದೆ ಓಡ್ತಿದ್ಲು. ದೇವ್ರಿಗೂ ನಮಗೂ ಇರೋ ಲೆಕ್ಕದಲ್ಲಿ ಊರೋರು ಯಾಕೆ ಅಂತ ಚಿಕ್ಕವಳಿದ್ದಾಗ ಅಜ್ಜಿನ ಕೇಳ್ತಿದ್ದೆ. ಮೌಶಿ ಮನೇಲಿ ಕೂತು ಅವಲಕ್ಕಿ ತಿನ್ನೋವಾಗ ಇದು ಎಷ್ಟು ಗಟ್ಟಿ ವಿಷಯ ಅನ್ನೋದು ಒಳಗೆ ಇಳೀತು.

ಅವತ್ತೇ ಕೇಳಿದ್ದು ದಿವೇಕರ್ ಕಥೆ, ಆಮೇಲೆ ಓದಿದೆ ಕೂಡ. ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, ಊರಲ್ಲಿ ಕರೆಯೋ ಹೆಸರು ಸಾಮಾಜಿ ಹಸಾಜಿ, ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಕಡೆಯವರಿಗೆ ಸೆರೆಸಿಕ್ಕಿದ. ಸೆರೇಲಿದ್ದಾಗ ದೇವರೇ ಬದುಕಿ ವಾಪಸ್ ಮನೆಗೆ ಹೋದ್ರೆ ನಿಂಗೊಂದು ಪ್ರಾರ್ಥನಾ ಮಂದಿರ ಕಟ್ಟಿಸ್ತೀನಿ ಅಂತ ಹರಕೆ ಹೊತ್ಕೊಂಡ ಅಂತಾರೆ. ಇವರು ಬನೀ ಇಸ್ರಾಯಿಲ್, ಕುರಾನ್‌ನಲ್ಲಿ ಹೆಸರು ಬರೋ ಜನ ಅಂತ ತಿಳಿದು ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಿದ್ಲು ಅಂತ ಸಮುದಾಯದಲ್ಲಿ ಹೇಳ್ಕೊಂಡು ಬಂದಿದ್ದಾರೆ. ಏನೇ ಆಗ್ಲಿ ಅವನು ಬದುಕಿ ಬಂದ, 1796ರಲ್ಲಿ ಮುಂಬೈ ಮಾಂಡ್ವಿಯಲ್ಲಿ ಸಿನಗಾಗ್ ಕಟ್ಟಿಸಿದ, ಮುಂಬೈಗೆ ಅದೇ ಮೊದಲನೇದು. ಶಾರ್ ಹಾರಹಮೀಮ್, ಕರುಣೆಯ ಬಾಗಿಲು. ಜನ ಅದನ್ನ ಜೂನಿ ಮಸೀದಿ, ಅಂದ್ರೆ ಹಳೇ ಮಸೀದಿ ಅಂತ ಕರೀತಿದ್ರು, ಸೆಂಟ್ರಲ್ ಲೈನಿನ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದಿದ್ದು ಇದರಿಂದ್ಲೇ ಅಂತಾರೆ.

ನಾನು ಮಂಡ್ಯ ಜಿಲ್ಲೆಯವಳು, ಶ್ರೀರಂಗಪಟ್ಟಣದ ಸೆರೆಮನೆನ ಸ್ಕೂಲ್ ಟ್ರಿಪ್ಪಲ್ಲಿ ನೋಡಿ ಬೆಳೆದವಳು, ಗೋಡೆಗೆ ಕೈ ಕಟ್ಟಿ ನಿಲ್ಲಿಸ್ತಿದ್ದ ಕಲ್ಲುಗಳು ಇವೆಯಲ್ಲ ಅಲ್ಲಿ. ನಮ್ಮ ಮೈಸೂರು ಸೀಮೆಯ ಸೆರೇಲಿ ಕೂತು ಹೊತ್ತ ಒಂದು ಹರಕೆ ಮುಂಬೈಯಲ್ಲಿ ದೇವರ ಮನೆ ಆಯ್ತು ಅಂತ ಕೇಳಿದಾಗ ಮೈ ಜುಮ್ ಅಂತು. ಅವನು ಚಿನ್ನ ಕೊಡ್ತೀನಿ ಅಂತ ಹೇಳಿಲ್ಲ, ತನ್ನ ಜನ ಸೇರೋಕೆ ಒಂದು ಸೂರು ಕಟ್ತೀನಿ ಅಂದ. ಮಸ್ಜಿದ್ ಸ್ಟೇಷನ್ ಬಂದ್ರೆ ಈಗ ಟ್ರೇನಲ್ಲೇ ಒಂದ್ಸಲ ಕೈ ಮುಗೀತೀನಿ.

ಸೂರು ಇದೆ, ಆದ್ರೆ ಸೇರೋ ಜನ ಕಮ್ಮಿ ಆಗ್ತಾ ಇದ್ದಾರೆ, ಮೌಶಿ ಸಂಕಟ ಇದೇ. 1948ರಲ್ಲಿ ಇಸ್ರೇಲ್ ಆದ್ಮೇಲೆ ಹೆಚ್ಚಿನವರು ಅಲ್ಲಿಗೆ ಹೋದ್ರು, ಅಲ್ಲಿ ಮದ್ವೆ ವಿಷಯದಲ್ಲಿ ಇವರು ಪೂರ್ತಿ ಯಹೂದಿಗಳೋ ಅಲ್ವೋ ಅಂತ ಪ್ರಶ್ನೆ ಎದ್ದು, ಹೋರಾಟ ಮಾಡಿ, 1964ರಲ್ಲಿ ಅಲ್ಲಿನ ಸರ್ಕಾರದ ಕಡೆಯಿಂದ ಎಲ್ಲ ರೀತೀಲೂ ಯಹೂದಿಗಳೇ ಅಂತ ಒಪ್ಪಿಗೆ ಬಂತು. ಅಷ್ಟು ಶತಮಾನ ಶನಿವಾರ ಬಿಡದೆ ಕಾಪಾಡಿಕೊಂಡು ಬಂದವರಿಗೆ ಆ ಪ್ರಶ್ನೆ ಎಷ್ಟು ನೋವು ಕೊಟ್ಟಿರ್ಬೇಕು. 2011ರ ಜನಗಣತೀಲಿ ಇಡೀ ಭಾರತದಲ್ಲಿ ಯಹೂದಿಗಳು 4,650 ಜನ. ಅಲಿಬಾಗ್, ರೇವ್‌ದಂಡಾ, ಪೇಣ್ ಇಲ್ಲೆಲ್ಲ ಸಿನಗಾಗ್ ಇವೆ, ಸುತ್ತ ಯಹೂದಿ ಮನೆ ಬೆರಳೆಣಿಕೆ.

ಇವರ ಧರ್ಮದಲ್ಲಿ ಪೂರ್ಣ ಪ್ರಾರ್ಥನೆಗೆ ಹತ್ತು ಜನ ಬೇಕು, ಹದಿಮೂರು ವರ್ಷ ದಾಟಿದ ಗಂಡಸ್ರು, ಇದಕ್ಕೆ ಮಿನ್ಯಾನ್ ಅಂತಾರೆ. ಒಂಬತ್ತು ಜನ ಇದ್ರೆ ಆಗಲ್ಲ. ಅವರ ಧರ್ಮಗ್ರಂಥ ತೋರಾದ ಸುರುಳಿನ ಹೊರಗೆ ತೆಗೆದು ಸಭೇಲಿ ಓದೋ ಹಾಗಿಲ್ಲ. ತೀರ್ಕೊಂಡವರಿಗಾಗಿ ಹೇಳೋ ಕದ್ದಿಷ್ ಹೇಳೋ ಹಾಗಿಲ್ಲ. ಆ ಕದ್ದಿಷ್‌ನಲ್ಲಿ ಸಾವಿನ ಮಾತೇ ಇಲ್ಲ, ಬರೀ ದೇವರ ಮಹಿಮೆ ಇದೆ, ಅಪ್ಪನ್ನ ಕಳ್ಕೊಂಡ ಮಗ ಎದ್ದು ನಿಂತು ದೇವರೇ ನೀನು ದೊಡ್ಡವನು ಅಂತ ಹೇಳ್ಬೇಕು, ಸುತ್ತ ಇರೋರು ಅಮೆನ್ ಅನ್ಬೇಕು. ಮೌಶಿ ಗಂಡ ಹೋದಾಗ ಮಗ ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿ ಮಾಡಿ ಜನ ಸೇರಿಸ್ತಿದ್ದ. ಡ್ಯೂಟಿಗೆ ಹೊರಟಿದ್ದವರು ಬರ್ತಿದ್ರು, ಡೊಂಬಿವಲಿಯಿಂದ ಲೋಕಲ್ ಹಿಡಿದು ಒಬ್ಬ ವಯಸ್ಸಾದವರು ಬರ್ತಿದ್ರಂತೆ, ಆ ಮನೆಯವರಿಗೆ ನೆಂಟರೂ ಅಲ್ಲ, ಹತ್ತನೆಯವನು ನಾನಾಗ್ತೀನಿ ಅಂತ. ಇದಕ್ಕಿಂತ ದೊಡ್ಡ ಸೇವೆ ಯಾವುದು ನಂಗಂತೂ ಹೊಳೀತಾ ಇಲ್ಲ. ನಾವು ದೇವಸ್ಥಾನಕ್ಕೆ ಹೋಗ್ತೀವಿ, ನಾವು ಹೋಗದೇ ಇದ್ರೂ ಅಲ್ಲಿ ಮಂಗಳಾರತಿ ನಡೆಯುತ್ತೆ. ಇಲ್ಲಿ ಒಬ್ಬ ಬರದೇ ಇದ್ರೆ ಇನ್ನೊಬ್ಬನ ಅಪ್ಪನಿಗೆ ಕದ್ದಿಷ್ ಇಲ್ಲ.

ಮಲಿದಾ ದಿನ ಹತ್ತು ಜನಕ್ಕಿಂತ ಜಾಸ್ತಿನೇ ಇದ್ರು. ಅಷ್ದೋದ್‌ನಿಂದ ಮಗಳು ವಿಡಿಯೋ ಕಾಲಲ್ಲಿ ಮಗು ಎತ್ಕೊಂಡು ಕೂತಿದ್ಲು, ಫೋನನ್ನ ಹರಿವಾಣದ ಪಕ್ಕ ಸ್ಟೀಲ್ ಲೋಟಕ್ಕೆ ಒರಗಿಸಿ ಇಟ್ಟಿದ್ರು, ಅವಳೂ ಅಲ್ಲಿಂದ ಅಮೆನ್ ಅಂತಿದ್ಲು, ನೆಟ್ವರ್ಕ್ ಸ್ಲೋ ಆಗಿ ಅವಳ ಅಮೆನ್ ಇಲ್ಲಿ ಲೇಟಾಗಿ ಬರೋದು, ಹಝಾನ್ ಅದಕ್ಕೂ ಕಾದು ಮುಂದಿನ ಮಂತ್ರ ಶುರು ಮಾಡೋರು.

ಅಲಿಬಾಗ್ ಹತ್ರ ಖಂಡಾಳಾ ಅಂತ ಒಂದು ಹಳ್ಳಿ ಇದೆ (ಲೋಣಾವಳಾ ಪಕ್ಕದ ಹಿಲ್ ಸ್ಟೇಷನ್ ಅಲ್ಲ), ಅಲ್ಲಿ ಬಂಡೆ ಮೇಲೆ ಎಲಿಯಾಹು ರಥದ ಗಾಲಿ ಗುರುತು, ಕುದುರೆ ಗೊರಸಿನ ಗುರುತು ಇದೆ ಅಂತ ನಂಬಿಕೆ, ಹರಕೆ ಹೊತ್ತವರು ಅಲ್ಲಿಗೆ ಹೋಗಿ ಮಲಿದಾ ಮಾಡ್ತಾರೆ. ಗಿಡಮರಗಳ ಹೊಸ ವರ್ಷ ಅಂತ ಇವರಿಗೆ ತೂ ಬಿಶ್ವಾತ್ ಹಬ್ಬ, ಶ್ವಾತ್ ತಿಂಗಳ ಹುಣ್ಣಿಮೆಗೆ, ನಮ್ಮ ಬನದ ಹುಣ್ಣಿಮೆ ಇಲ್ಲ ಭಾರತ ಹುಣ್ಣಿಮೆ ಆಸುಪಾಸಲ್ಲಿ ಬರುತ್ತೆ, ಅದೇ ದಿನ ಇಲ್ಲಿನವರಿಗೆ ಎಲಿಯಾಹು ಹನ್ನಾಬಿ ಉರೂಸ್. ಮಗಳು ಮಗುನ ಕರ್ಕೊಂಡು ಆಗ ಬರ್ತಾಳಂತೆ. ಗೇಟ್‌ವೇಯಿಂದ ಮಾಂಡ್ವಾಗೆ ಬೋಟು, ಅಲ್ಲಿಂದ ಗಾಡಿ, ನೀನೂ ಬಾ ಅಂದಿದ್ದಾರೆ ಮೌಶಿ. ಅವಲಕ್ಕಿ ನಾನೇ ತರ್ತೀನಿ ಅಂತ ಹೇಳಿದ್ದೀನಿ, ಊರಿಂದ ಅಮ್ಮ ಕಳಿಸೋ ಗಟ್ಟಿ ಅವಲಕ್ಕಿ ಆಗುತ್ತಾ ಅಂತ ಕೇಳಿದ್ದಕ್ಕೆ ಆಗುತ್ತೆ, ಸ್ವಲ್ಪ ಜಾಸ್ತಿ ಹೊತ್ತು ನೆನೆಸ್ಬೇಕು ಅಷ್ಟೇ ಅಂದ್ರು.