3 ಫೂಟಿನ ಟ್ಯಾಂಕಿಗೆ ಆಸ್ಕರ್ ಹಾಕಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಣ್ಣಾ, ಮನ್ಯಾಗ ಮೂರು ಫೂಟಿನ ಟ್ಯಾಂಕ್ ಅದ. ಆಸ್ಕರ್ ಹಾಕ್ಲೇನ್ರಿ? ಜೋಡಿಗೆ ಒಂದು ಫ್ಲವರ್‌ಹಾರ್ನ್ ಇರ್ಲೇನು?"

ಕಲಬುರಗಿಯಲ್ಲಿ ಮೀನು ಸಾಕುವವರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಫೋನಿನಲ್ಲಿ ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ, ಮದುವೆಯಲ್ಲಿ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಆಸ್ಕರ್, ಫ್ಲವರ್‌ಹಾರ್ನ್ ಎರಡೂ ದೊಡ್ಡದಾಗಿ ಬೆಳೆಯುವ ಅಕ್ವೇರಿಯಂ ಮೀನುಗಳು. ನನ್ನ ಉತ್ತರ: ಬೇಡ. ಆಸ್ಕರ್ ಬೇಡ, ಫ್ಲವರ್‌ಹಾರ್ನ್ ಬೇಡ, ಎರಡನ್ನೂ ಜೋಡಿಯಾಗಿ ಅಂತೂ ಬೇಡವೇ ಬೇಡ. ಯಾಕೆ ಬೇಡ, ಅದೇ ಟ್ಯಾಂಕಿಗೆ ಬೇರೆ ಏನು ಹಾಕಬಹುದು ಅನ್ನೋದನ್ನು ಫೋನಿನಲ್ಲಿ ಪೂರ್ತಿ ಹೇಳೋಕೆ ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪ್ ತಗೊಂಡು ಟ್ಯಾಂಕಿನ ಅಗಲ ಅಳೆಯಿರಿ. ಅಂದರೆ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ. ಎಲ್ಲರೂ ಉದ್ದ ಹೇಳುತ್ತಾರೆ, ಅಗಲ ಯಾರೂ ಹೇಳುವುದಿಲ್ಲ. ನಮ್ಮ ಕಡೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮೂರು ಫೂಟಿನ ಟ್ಯಾಂಕಿನ ಅಗಲ 1 ಫೂಟು, ಎತ್ತರ ಒಂದೂವರೆ ಫೂಟು. ಲೆಕ್ಕ ಹಾಕಿದರೆ 127 ಲೀಟರ್ ಆಗುತ್ತದೆ. ಮರಳು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಎಲ್ಲ ಕಳೆದರೆ ಉಳಿಯುವ ನೀರು ಇನ್ನೂ ಕಡಿಮೆ. ಆಸ್ಕರ್ ಬೆಳೆದರೆ 12 ಇಂಚು. ಟ್ಯಾಂಕಿನ ಅಗಲವೂ 12 ಇಂಚು. ಅದು ತಿರುಗೋದು ಹೇಗೆ?

ಇಂಥ ಟ್ಯಾಂಕಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಮೀನು ಒಂದು ತುದಿಗೆ ಬರುತ್ತದೆ, ಮೂತಿ ಗಾಜಿಗೆ ತಾಗುತ್ತದೆ, ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ, ಬಾಲ ಹಿಂದಿನ ಗಾಜಿಗೆ ಉಜ್ಜುತ್ತದೆ, ಆಮೇಲೆ ಹೇಗೋ ತಿರುಗಿಕೊಳ್ಳುತ್ತದೆ. ದಿನವಿಡೀ ಇದೇ. ಬಾಲದ ರೆಕ್ಕೆಯ ಅಂಚು ಹರಿದಿರುತ್ತದೆ, ಮೂತಿಯ ಚರ್ಮ ಬೆಳ್ಳಗೆ ಕಿತ್ತಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಆಸ್ಕರ್ 10 ವರ್ಷಕ್ಕಿಂತ ಜಾಸ್ತಿ ಬದುಕುವ ಮೀನು. ಅಷ್ಟು ವರ್ಷ ಹೀಗೆ ಬದುಕಬೇಕಾ?

"ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯುತ್ತೆ" ಅಂತ ಅಂಗಡಿಯಲ್ಲಿ ಹೇಳಿ ಕಳಿಸುತ್ತಾರೆ. ಇದನ್ನು ನಂಬಬೇಡಿ. ಸಣ್ಣ ಜಾಗದಲ್ಲಿ ನೀರು ಬೇಗ ಕೆಡುತ್ತದೆ, ಅದರಿಂದ ಬೆಳವಣಿಗೆ ಕುಂಠಿತವಾಗುತ್ತದೆ, ಮೈಯ ಆಕಾರ ಕೆಡುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಅದು ಟ್ಯಾಂಕಿಗೆ ಹೊಂದಿಕೊಂಡಿದ್ದಲ್ಲ, ಕಾಯಿಲೆ ಬಿದ್ದಿದ್ದು. ಅಂಗಡಿಯಲ್ಲಿ ನೀವು ನೋಡೋದು ಎರಡು ಇಂಚಿನ ಮರಿ, ಅಲ್ವಾ? ಚೆನ್ನಾಗಿ ತಿನ್ನಿಸಿದರೆ ಆ ಮರಿ ಮೊದಲ ವರ್ಷದಲ್ಲಿ ತಿಂಗಳಿಗೆ ಹತ್ತಿರ ಹತ್ತಿರ 1 ಇಂಚು ಬೆಳೆಯುತ್ತದೆ. "ಆಮೇಲೆ ದೊಡ್ಡ ಟ್ಯಾಂಕ್ ತಗೊಂಡ್ರಾಯ್ತು" ಅನ್ನುವವರಿಗೆ ಆ 'ಆಮೇಲೆ' ಆರೇ ತಿಂಗಳಲ್ಲಿ ಬಂದುಬಿಡುತ್ತದೆ.

ನಾನು ಇಟ್ಟುಕೊಂಡಿರುವ ಅಂದಾಜು ಇಷ್ಟೇ. ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದ ಆಗುತ್ತದೋ ಅದರ ಒಂದೂವರೆ ಪಟ್ಟು ಟ್ಯಾಂಕಿನ ಅಗಲ ಇರಬೇಕು, ನಾಲ್ಕು ಪಟ್ಟು ಉದ್ದ ಇರಬೇಕು. 12 ಇಂಚಿನ ಆಸ್ಕರಿಗೆ 18 ಇಂಚು ಅಗಲ, 4 ಫೂಟು ಉದ್ದ. ಎತ್ತರವೂ ಒಂದೂವರೆ ಫೂಟು ಇಟ್ಟರೆ 255 ಲೀಟರ್. ಇದು ಒಂದೇ ಒಂದು ಆಸ್ಕರಿಗೆ ಬೇಕಾದ ಕನಿಷ್ಠ ಜಾಗ. ಫ್ಲವರ್‌ಹಾರ್ನಿಗೂ ಇಷ್ಟೇ ಬೇಕು, ಅದೂ ಒಂಟಿಯಾಗಿಯೇ ಇರಬೇಕು. ಫ್ಲವರ್‌ಹಾರ್ನ್ ಯಾವ ನದಿಯಲ್ಲೂ ಹುಟ್ಟಿದ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ತಳಿ. ಸಿಕ್ಲಿಡ್ ಅಂದರೆ ತನ್ನ ಜಾಗ ಕಾಯುವ ಮೀನುಗಳ ಒಂದು ಕುಟುಂಬ, ಆಸ್ಕರ್ ಕೂಡ ಅದಕ್ಕೇ ಸೇರಿದ್ದು. ಆ ಸಿಕ್ಲಿಡ್‌ಗಳ ಸಿಟ್ಟೆಲ್ಲ ಇದಕ್ಕೆ ಬಂದಿದೆ. ಜೊತೆಗೆ ಇನ್ನೊಂದು ಮೀನು ಹಾಕಿದರೆ ಯಾವುದೋ ಒಂದು ಬೆಳಗ್ಗೆ ಅದು ಸತ್ತು ತೇಲುತ್ತಿರುತ್ತದೆ. ತಲೆಯ ಮೇಲಿನ ಉಬ್ಬು ದೊಡ್ಡದಾದಷ್ಟೂ ಮನೆಗೆ ಅದೃಷ್ಟ ಅಂತ ತರುವವರೂ ಇದ್ದಾರೆ. ನಂಬಿಕೆ ಅವರವರದ್ದು. ಆದರೆ ಮೀನಿಗೆ ಬೇಕಾದ ಜಾಗ ಕೊಟ್ಟ ಮೇಲೆ ಉಳಿದಿದ್ದು.

ಹಾಗಾದರೆ ಮೂರು ಫೂಟಿಗೆ ಏನು ಹಾಕೋದು? ನನ್ನನ್ನು ಕೇಳುವ ಹೆಚ್ಚಿನವರಿಗೆ ಬೇಕಾಗಿರುವುದು ದೊಡ್ಡ ಮೀನಲ್ಲ, ಗತ್ತಿನ ಮೀನು. ಮನುಷ್ಯರನ್ನು ಗುರುತು ಹಿಡಿಯುವ, ಗಾಜಿನ ಹತ್ತಿರ ಬಂದು ಎದುರು ನಿಲ್ಲುವ, ತನ್ನ ಜಾಗ ಕಾಯುವ ಮೀನು. ಆ ಗುಣ 5 ಇಂಚಿನ ಸಿಕ್ಲಿಡ್‌ನಲ್ಲೂ ಪೂರ್ತಿ ಸಿಗುತ್ತದೆ. ಕಾನ್ವಿಕ್ಟ್ ಸಿಕ್ಲಿಡ್ ನೋಡಿ. ಬೂದು ಮೈ, ಮೇಲೆ ಕಪ್ಪು ಪಟ್ಟೆ, ಬೆಲೆಯೂ ಕಡಿಮೆ, ಅದಕ್ಕೇ ಯಾರೂ ಲಕ್ಷ್ಯ ಕೊಡುವುದಿಲ್ಲ. ನನ್ನ ಪ್ರಕಾರ ಮೂರು ಫೂಟಿನ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಒಂದು ಜೋಡಿ ತನ್ನಿ. ಹೆಣ್ಣಿನ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣದ ಹುರುಪೆ ಇರುತ್ತದೆ, ಗಂಡಿಗೆ ಇರುವುದಿಲ್ಲ, ಗಂಡು ದೊಡ್ಡದೂ ಆಗಿರುತ್ತದೆ. ಕಲ್ಲಿನ ಕೆಳಗೆ ಮರಳು ತೋಡಿ ಗೂಡು ಮಾಡಿಕೊಳ್ಳುತ್ತವೆ, ಬಾಯಿ ತುಂಬ ಮರಳು ಹೊತ್ತು ತಂದು ಟ್ಯಾಂಕಿನ ಇನ್ನೊಂದು ತುದಿಗೆ ಉಗುಳುತ್ತವೆ. ಮೊಟ್ಟೆ ಇಟ್ಟ ಮೇಲೆ ನೀವು ಸ್ವಚ್ಛ ಮಾಡಲು ಕೈ ಹಾಕಿದರೆ ಕೈಗೇ ಕಚ್ಚುತ್ತವೆ. ಮರಿ ಈಜಲು ಶುರು ಮಾಡಿದಾಗ ಒಣಗಿದ ಬಾದಾಮಿ ಎಲೆ ಒಂದನ್ನು ತಳಕ್ಕೆ ಹಾಕಿ ನೋಡಿ. ತಾಯಿ ಬಂದು ಎಲೆಯನ್ನು ಬಾಯಿಂದ ಎತ್ತಿ ಮಗುಚುತ್ತಾಳೆ, ಅಡಿಯಲ್ಲಿ ಅಂಟಿರುವುದನ್ನು ಮರಿಗಳೆಲ್ಲ ಮುತ್ತಿಕೊಂಡು ತಿನ್ನುತ್ತವೆ. ಆಮೇಲೆ ಎದೆಯ ರೆಕ್ಕೆಯಿಂದ ಮರಳು ಕೆದಕಿ ಇನ್ನಷ್ಟು ಎಬ್ಬಿಸಿ ಕೊಡುತ್ತಾಳೆ. ಇಷ್ಟು ಸಣ್ಣ ಮೀನು ಹೀಗೆ ಸಂಸಾರ ಮಾಡುವುದನ್ನು ಕಂಡವರು ಮತ್ತೆ "ಇದು ಸಣ್ಣದಾಯ್ತು" ಅನ್ನುವುದಿಲ್ಲ. ಒಂದು ಎಚ್ಚರಿಕೆ: ಆ ಟ್ಯಾಂಕಿನಲ್ಲಿ ಬೇರೆ ಮೀನು ಇರಬಾರದು. ಮರಿಗಳೂ ವಿಪರೀತ ಆಗುತ್ತವೆ. ಕೊಡಲು ಜಾಗ ಇಲ್ಲದಿದ್ದರೆ ಒಂಟಿ ಗಂಡು ಇಟ್ಟುಕೊಳ್ಳಿ.

ಅದೇ ಅಳತೆಗೆ ಫೈರ್‌ಮೌತ್ ಕೂಡ ಒಗ್ಗುತ್ತದೆ. ಸಿಟ್ಟು ಬಂದರೆ ಕಿವಿರು ಅಗಲಿಸಿ ಕೆಂಪು ಗಂಟಲು ತೋರಿಸುತ್ತದೆ, ಆದರೆ ಹೆದರಿಸುವುದೇ ಜಾಸ್ತಿ, ಹೊಡೆದಾಟ ಕಡಿಮೆ. ಇನ್ನೂ ಸೌಮ್ಯ ಬೇಕಾದವರಿಗೆ ಎಲೆಕ್ಟ್ರಿಕ್ ಬ್ಲೂ ಅಕಾರಾ ಇದೆ.

4 ಫೂಟು ಉದ್ದ, ಒಂದೂವರೆ ಫೂಟು ಅಗಲ ಇದ್ದರೆ ಒಂದು ಆಸ್ಕರ್, ಇಲ್ಲಾ ಒಂದು ಫ್ಲವರ್‌ಹಾರ್ನ್, ಇಲ್ಲಾ ಒಂದು ಗ್ರೀನ್ ಟೆರರ್, ಇಲ್ಲಾ ಒಂದು ಜಾಕ್ ಡೆಂಪ್ಸಿ. 'ಇಲ್ಲಾ' ಅನ್ನೋದನ್ನು ಗಮನಿಸಿ. ಜಾಕ್ ಡೆಂಪ್ಸಿ 8ರಿಂದ 10 ಇಂಚು ಆಗುತ್ತದೆ. 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಅಮೆರಿಕದ ಬಾಕ್ಸರ್ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಬೆಳೆದ ಮೇಲೆ ಕಪ್ಪು ಮೈ ಮೇಲೆ ನೀಲಿ ಹಸಿರು ಚುಕ್ಕೆ ಹೊಳೆಯುತ್ತದೆ. ಮರಿಯಲ್ಲಿ ಮಂಕಾಗಿ ಕಾಣುವುದರಿಂದ ಜನ ಬಿಟ್ಟು ಬರುತ್ತಾರೆ, ನೀವು ಬಿಡಬೇಡಿ.

ರೆಡ್ ಡೆವಿಲ್, ಜಾಗ್ವಾರ್ ಅನ್ನುವ ಇನ್ನೂ ದೊಡ್ಡ ಸಿಕ್ಲಿಡ್ ಬೇಕು ಅಂದರೆ 6 ಫೂಟು ಉದ್ದ, 2 ಫೂಟು ಅಗಲದ ಟ್ಯಾಂಕ್ ಮಾಡಿಸಿ. 2 ಫೂಟು ಎತ್ತರವೂ ಇದ್ದರೆ ಅದು 680 ಲೀಟರ್. ಗಾಜು, ಸ್ಟ್ಯಾಂಡ್ ಸೇರಿದರೆ 700 ಕಿಲೋ ಮೀರುತ್ತದೆ. ಬಾಡಿಗೆ ಮನೆಯಲ್ಲಿ, ಎರಡನೇ ಮಹಡಿಯಲ್ಲಿ ಇರುವವರು ಇದರ ಯೋಚನೆ ಬಿಡುವುದೇ ಒಳ್ಳೆಯದು. ವುಲ್ಫ್ ಸಿಕ್ಲಿಡ್ 2 ಫೂಟು ಬೆಳೆಯುವ ಮೀನು, ಅದನ್ನಂತೂ ಮನೆಗೆ ತರಲೇಬೇಡಿ.

ಈಗ ನಮ್ಮೂರಿನ ನೀರಿನ ವಿಷಯ. ಇದನ್ನು ಯೂಟ್ಯೂಬ್ ನೋಡಿ ಕಲಿತವರು ಮರೆಯುತ್ತಾರೆ. ನಮ್ಮದು ಸುಣ್ಣಕಲ್ಲಿನ ಸೀಮೆ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಇರುವುದು ಅದಕ್ಕೇ, ಶಹಾಬಾದ್ ಫರಸಿ ಕಲ್ಲು ಬರುವುದೂ ಅದರಿಂದಲೇ. ಬಹಳ ಕಡೆ ಬೋರ್ ನೀರು ಗಡಸು. ಮೆದು ನೀರು ಬೇಕಾದ ಡಿಸ್ಕಸ್ ಮೀನು ಸಾಕುವವರಿಗೆ ಇದು ತಲೆನೋವು, ಆದರೆ ಮಧ್ಯ ಅಮೆರಿಕದ ಕಾನ್ವಿಕ್ಟ್, ಫೈರ್‌ಮೌತ್, ಡೆಂಪ್ಸಿಗಳಿಗೆ ಗಡಸು ನೀರೇ ಹಿಡಿಸುತ್ತದೆ. ಆಸ್ಕರ್ ಅಮೆಜಾನ್ ಕಡೆಯ ಮೀನು, ಅದರ ಊರಿನ ನೀರು ಮೆದು, ಆದರೂ ನಿಧಾನಕ್ಕೆ ಒಗ್ಗಿಸಿದರೆ ಹೊಂದಿಕೊಳ್ಳುತ್ತದೆ. ಫರಸಿ ತುಂಡುಗಳಿಂದಲೇ ಗುಹೆ ಕಟ್ಟಬಹುದು, ದುಡ್ಡು ಕೊಟ್ಟು ಪ್ಲಾಸ್ಟಿಕ್ ಕೋಟೆ ತರಬೇಕಿಲ್ಲ. ಅಂಚು ಮಾತ್ರ ಉಜ್ಜಿ ನುಣುಪು ಮಾಡಿ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ, ಮೊದಲು ತಳದಲ್ಲಿ ಕಲ್ಲು ಕೂರಿಸಿ ಆಮೇಲೆ ಸುತ್ತ ಮರಳು ಹಾಕಿ. ಸಿಕ್ಲಿಡ್‌ಗಳು ಅಡಿ ತೋಡಿದರೆ ಕಲ್ಲು ಜಾರಿ ಗಾಜಿಗೆ ಹೊಡೆಯುತ್ತದೆ.

ಇದೇ ಗಡಸು ನೀರಿನಲ್ಲಿ ಒಂದು ಅಪಾಯವೂ ಇದೆ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಜಾಸ್ತಿ ಇದ್ದಷ್ಟೂ, ನೀರು ಬಿಸಿ ಇದ್ದಷ್ಟೂ ಅದರ ವಿಷ ಹೆಚ್ಚು. ನಮ್ಮಲ್ಲಿ ಗಡಸು ನೀರಿಗೆ ಸಾಮಾನ್ಯವಾಗಿ ಪಿಎಚ್ ಜಾಸ್ತಿ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ದೊಡ್ಡ ಮೀನು ಇದ್ದಕ್ಕಿದ್ದಂತೆ ಸತ್ತರೆ ಜನ ಬಿಸಿಲನ್ನು ದೂರುತ್ತಾರೆ, ಎಷ್ಟೋ ಸಲ ಕಾರಣ ಇದು. ಜೊತೆಗೆ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಆಗಲೇ ಕರೆಂಟ್ ಹೋದರೆ ಮೊದಲು ಒದ್ದಾಡೋದು ದೊಡ್ಡ ಮೀನು, ಬಾಯಿ ಮೇಲಕ್ಕೆ ಮಾಡಿ ನೀರಿನ ಮೇಲ್ಗಡೆಯೇ ನಿಲ್ಲುತ್ತದೆ.

ಹಾಗಾಗಿ ದೊಡ್ಡ ಮೀನು ತರುವ ಮೊದಲು ಬ್ಯಾಟರಿಯ ಏರ್ ಪಂಪ್ ತನ್ನಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಸ್ಪಾಂಜ್ ಫಿಲ್ಟರ್ ಅದಕ್ಕೇ ಜೋಡಿಸಿ. ಟ್ಯಾಂಕಿನ ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲೆ ಗಾಳಿ ಬೀಸುವ ಹಾಗೆ ಒಂದು ಸಣ್ಣ ಫ್ಯಾನ್ ಇಡಿ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಧ್ಯಾಹ್ನ ಸಿಂಟೆಕ್ಸ್ ನೀರು ಕುದಿಯುವಷ್ಟು ಬಿಸಿ ಇರುತ್ತದೆ, ಅದಕ್ಕೇ ನೀರು ಬದಲಿಸುವುದು ಬೆಳಗಿನ ಜಾವವೇ ಆಗಬೇಕು. ತಿಂಡಿ ಕಡಿಮೆ ಮಾಡಿ. ಡಿಸೆಂಬರ್ ಚಳಿಗೆ ಹೀಟರ್ ಬೇಕು, ಲೀಟರಿಗೆ ಸುಮಾರು 1 ವ್ಯಾಟ್ ಲೆಕ್ಕ. ಆಸ್ಕರ್ ಹೀಟರನ್ನೇ ಬಡಿದು ಒಡೆಯುತ್ತದೆ, ಸುತ್ತ ಜಾಲರಿ ಇರಲಿ.

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಬೇಕು. 255 ಲೀಟರ್ ಟ್ಯಾಂಕಿಗೆ ವಾರಕ್ಕೆ 85 ಲೀಟರ್ ಆಯ್ತು. ನಳ ದಿನ ಬಿಟ್ಟು ದಿನ, ಕೆಲವು ಸಲ ಇನ್ನೂ ತಡವಾಗಿ ಬರುವ ಬಡಾವಣೆಯಲ್ಲಿ ಅಷ್ಟು ನೀರು ಮೀನಿಗೆ ಸಿಗುತ್ತದಾ ಅಂತ ಮನೆಯವರನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮ ಮನೆಗೆ ಆಸ್ಕರ್ ಆಗುತ್ತೋ ಕಾನ್ವಿಕ್ಟ್ ಆಗುತ್ತೋ ಅನ್ನೋದು ಬಹಳ ಸಲ ಇಲ್ಲೇ ತೀರ್ಮಾನ ಆಗುತ್ತದೆ. ತೆಗೆದ ನೀರನ್ನು ಗಿಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ. ನಳದ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ ಹಾಕದೆ ಟ್ಯಾಂಕಿಗೆ ಸುರಿಯಬೇಡಿ. ಹೊಸ ಟ್ಯಾಂಕಿನ ಫಿಲ್ಟರ್ ಹದಕ್ಕೆ ಬರಲು, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲು, 4ರಿಂದ 6 ವಾರ ಬೇಕು, ಅಷ್ಟು ಕಾಯಿರಿ.

ತಿಂಡಿ ಬಗ್ಗೆ ಒಂದೇ ಮಾತು. ಜೀವಂತ ಗೋಲ್ಡ್‌ಫಿಶ್ ಹಾಕಿ ಬೇಟೆ ನೋಡುವ ಚಟ ಬಿಡಿ. ಅದರಿಂದ ಕಾಯಿಲೆ ಬರುತ್ತದೆ, ಗೋಲ್ಡ್‌ಫಿಶ್ ಮಾಂಸದಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶವೂ ಇದೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಪೆಲೆಟ್ (ಗುಳಿಗೆಯಂಥ ಒಣ ತಿಂಡಿ), ಆಗಾಗ ಸಿಗಡಿ ಸಾಕು.

ಈಗಾಗಲೇ ಸಣ್ಣ ಟ್ಯಾಂಕಿನಲ್ಲಿ ದೊಡ್ಡ ಮೀನು ಇಟ್ಟುಕೊಂಡವರು ಹೆದರಬೇಡಿ. ಮೊದಲು ಜೊತೆಗಿರುವ ಮೀನುಗಳನ್ನು ಬೇರೆ ಮಾಡಿ, ಗುಹೆ ಅಲಂಕಾರ ಎಲ್ಲ ತೆಗೆದು ಈಜಲು ಜಾಗ ಬಿಡಿ, ವಾರಕ್ಕೆ ಎರಡು ಸಲ ನೀರು ಬದಲಿಸಿ. ಅಷ್ಟರಲ್ಲಿ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ, ತಂದ ಅಂಗಡಿಯಲ್ಲೇ ಕೇಳಿ, ಬೆಳೆದ ಮೀನನ್ನು ವಾಪಸ್ ತಗೊಳ್ಳುವ ಅಂಗಡಿಗಳೂ ಇವೆ. ಶರಣಬಸವೇಶ್ವರ ಕೆರೆಗೋ, ಭೀಮಾ ನದಿಗೋ, ಊರ ಬಾವಿಗೋ ಮಾತ್ರ ಬಿಡಬೇಡಿ. ನಾವು ಜಿಲೇಬಿ ಅಂತ ಕರೆಯುವ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್. 1952ರಲ್ಲಿ ಭಾರತಕ್ಕೆ ತಂದರು, ಈಗ ದೇಶದ ಕೆರೆ ಕಾಲುವೆಗಳಲ್ಲೆಲ್ಲ ತುಂಬಿಕೊಂಡು ನಮ್ಮದೇ ಮೀನುಗಳ ಜಾಗ ತಿನ್ನುತ್ತಿದೆ. ಯಾರೂ ಸಿಗದಿದ್ದರೆ ನನಗೆ ಹೇಳಿ, ಮೀನಿನ ಅಳತೆ, ಒಂದು ಫೋಟೋ ಕಳಿಸಿ, ಮನೆ ಹುಡುಕಿ ಕೊಡುತ್ತೇನೆ.