ತಾಡೋಬಾದಲ್ಲಿ ಹುಲಿ ಫೋಟೊ: ಬೇಸಿಗೆಯಲ್ಲಿ ಹೋಗುವವರಿಗೆ

ಮೇ ತಿಂಗಳ ಬಿಸಿಲಿಗೆ ಹೆದರಬೇಡಿ ಎಂದು ನಾನು ಹೇಳುವುದಿಲ್ಲ. ಹೆದರಿ, ಆದರೂ ಹೋಗಿ. ತಾಡೋಬಾ ಹುಲಿ ಮೀಸಲು ಕಾಡಿರುವ ಮಹಾರಾಷ್ಟ್ರದ ಚಂದ್ರಪುರ ಸೀಮೆಯಲ್ಲಿ ಆಗ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ತೇಗದ ಎಲೆ ಉದುರಿ, ಬಿದಿರು ಒಣಗಿ ಕಾಡು ಬೋಳಾಗಿರುತ್ತದೆ. ನೀರು ಉಳಿದಿರುವುದು ಕೆಲವೇ ಕೆರೆ, ಗುಂಡಿಗಳಲ್ಲಿ. ಹುಲಿ ಅಲ್ಲಿಗೆ ಬರಲೇಬೇಕು. ನಾಗರಹೊಳೆಯ ಲಾಂಟಾನ ಪೊದೆಯಲ್ಲಿ ಬಾಲದ ತುದಿ ಮಾತ್ರ ಕಂಡು ವಾಪಸಾದವರಿಗೆ ಈ ಬೋಳು ಕಾಡಿನ ಬೆಲೆ ತಿಳಿಯುತ್ತದೆ.

ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ಬಲ್ಲಾರ್‌ಷಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಚಂದ್ರಪುರ ಹತ್ತಿರವೇ, ಚಂದ್ರಪುರದಿಂದ ಕಾಡಿನ ಮೊಹರ್ಲಿ ಗೇಟಿಗೆ ಸುಮಾರು 30 ಕಿ.ಮೀ. ವಿಮಾನದಲ್ಲಿ ನಾಗಪುರಕ್ಕೆ ಇಳಿಯುವವರಿಗೆ ಕೋಲಾರಾ ಗೇಟ್ ಹತ್ತಿರ. ಹೌದು, ಕೋಲಾರಾ; ನಮ್ಮ ಚಿನ್ನದ ಗಣಿಯ ಕೋಲಾರವಲ್ಲ. ಬುಕಿಂಗ್ ಅರಣ್ಯ ಇಲಾಖೆಯ ಜಾಲತಾಣದಲ್ಲೇ ಮಾಡಿ, ತಿಂಗಳುಗಳ ಮೊದಲೇ ಮಾಡಿ. ಮಂಗಳವಾರ ರಜೆ. ಶನಿವಾರ, ಭಾನುವಾರ ದರ ಹೆಚ್ಚು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕೋರ್ ವಲಯ, ಅಂದರೆ ಕಾಡಿನ ಒಳಭಾಗ, ಮುಚ್ಚಿರುತ್ತದೆ. ಬುಕಿಂಗ್‌ನಲ್ಲಿ ಯಾವ ಗುರುತಿನ ಚೀಟಿ ನಮೂದಿಸಿದ್ದೀರೋ ಅದರ ಮೂಲಪ್ರತಿಯೇ ಗೇಟಿನಲ್ಲಿ ಬೇಕು. ಕೋರ್ ವಲಯಕ್ಕೆ ಮೊಬೈಲ್ ಒಯ್ಯುವಂತಿಲ್ಲ, ಕೈಗಡಿಯಾರ ಕಟ್ಟಿಕೊಳ್ಳಿ. ಕೋರ್ ಸುತ್ತಲಿನ ಬಫರ್ ವಲಯ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಬಫರ್‌ನ ಅಗರ್‌ಝರಿ, ಜುನೋನಾ ಕಡೆಯ ಹುಲಿಗಳಿಗೆ ಆ ಭೇದವೇನೂ ಗೊತ್ತಿಲ್ಲ.

ಗೇಟ್ ಬದಲಿಸುತ್ತಾ ಹೋಗುವುದಕ್ಕಿಂತ ಒಂದೇ ಗೇಟಿನಿಂದ ಸಾಲಾಗಿ ಸಫಾರಿ ಹಿಡಿಯುವುದು ಮೇಲು. ಬೆಳಿಗ್ಗೆ ಹುಲಿ ಎಲ್ಲಿ ಬೇಟೆ ಹಾಕಿತು, ಯಾವ ಕಡೆ ಹೋಯಿತು ಎಂಬ ಸುದ್ದಿ ಮಧ್ಯಾಹ್ನಕ್ಕೆ ಕೆಲಸಕ್ಕೆ ಬರುತ್ತದೆ. ಸಫಾರಿಯ ತೆರೆದ ಗಾಡಿಯಾದ ಜಿಪ್ಸಿಯಲ್ಲಿ ಆರು ಜನರಿಗೆ ಜಾಗವಿದ್ದರೂ ಕ್ಯಾಮೆರಾದವರು ಮೂರ್ನಾಲ್ಕು ಮಂದಿ ಸೇರಿ ಇಡೀ ಗಾಡಿ ಹಿಡಿಯುವುದು ಒಳ್ಳೆಯದು. ದುಬಾರಿ, ನಿಜ. ಆದರೆ ಮಕ್ಕಳೊಂದಿಗೆ ಕಾಡು ನೋಡಲು ಬಂದ ಕುಟುಂಬವನ್ನು ಒಂದೇ ಕೆರೆಯ ಮುಂದೆ ಎರಡು ಗಂಟೆ ಕೂರಿಸುವುದು ಅನ್ಯಾಯ.

ಕೂರುವುದೇ ಇಲ್ಲಿ ಮುಖ್ಯ ಕೆಲಸ. ನೀವೇನೂ ಹೇಳದಿದ್ದರೆ, ಎಲ್ಲೋ ಹುಲಿ ಕಂಡಿತೆಂಬ ಸುದ್ದಿ ಬಂದ ಕೂಡಲೇ ಗೈಡ್ ಗಾಡಿ ಓಡಿಸಲು ಹೇಳುತ್ತಾನೆ. ಹುಲಿ ತೋರಿಸದಿದ್ದರೆ ಪ್ರವಾಸಿಗರು ಮುಖ ಸಿಂಡರಿಸುತ್ತಾರೆಂದು ಅವನಿಗೆ ಗೊತ್ತು. ನೀವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹತ್ತು ಜಿಪ್ಸಿ ನಿಂತಿರುತ್ತವೆ, ನಿಮಗೆ ಸಿಗುವುದು ಮುಂದಿನ ಗಾಡಿಯವರ ಟೋಪಿಗಳ ಫೋಟೊ. ಹಾಗಾಗಿ ಹೊರಡುವ ಮೊದಲೇ ಹಿಂದಿಯಲ್ಲಿ ಬಿಡಿಸಿ ಹೇಳಿ: ಓಡಾಟ ಬೇಡ, ನೀರಿನ ಬಳಿ ಕಾಯೋಣ, ಹುಲಿ ಕಾಣದಿದ್ದರೂ ಬೇಸರವಿಲ್ಲ. ಈ ಕೊನೆಯ ಮಾತು ಕೇಳಿದ ಮೇಲೆ ಗೈಡ್ ಬೇರೆಯೇ ಮನುಷ್ಯನಾಗುತ್ತಾನೆ.

ಗಾಡಿ ನಿಲ್ಲಿಸುವ ಜಾಗಕ್ಕೂ ಒಂದು ಲೆಕ್ಕವಿದೆ. ಸೂರ್ಯ ಬೆನ್ನಿಗಿರಲಿ. ಹುಲಿ ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತಾ, ಹಿಂಗಾಲು ಮೊದಲಾಗಿ ನೀರಿಗಿಳಿಯುತ್ತದೆ. ಅಂದರೆ ಮುಖ ಅದು ಬಂದ ದಡದ ಕಡೆಗೇ ಇರುತ್ತದೆ, ಎದುರು ದಡದವರಿಗೆ ಬೆನ್ನು. ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಕಿವಿಯಿಂದ ಊಹಿಸಬೇಕು. ಜಿಂಕೆ ಸಣ್ಣಪುಟ್ಟದಕ್ಕೂ ಕೂಗೀತು. ಮರದ ಮೇಲಿನ ಮುಸಿಯ ಒಂದೇ ದಿಕ್ಕಿಗೆ ನೋಡುತ್ತಾ ಕೆಮ್ಮಿದಂತೆ ಕೂಗಿದರೆ ಎದ್ದು ಕೂರಿ. ಕಡವೆಯ ಕೂಗೂ ಸೇರಿಕೊಂಡಿತೆಂದರೆ ಕ್ಯಾಮೆರಾ ಕಣ್ಣಿಗಿಡಿ.

ಲೆನ್ಸ್ ಬಗ್ಗೆ ಜನ ಬೇಕಾದ್ದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ತಾಡೋಬಾದಲ್ಲಿ ಹುಲಿ ದಾರಿಯಲ್ಲೇ ನಡೆದು ಗಾಡಿಯ ಕಡೆಗೆ ಬರುವುದುಂಟು; 600 ಎಂ.ಎಂ. ಹಿಡಿದವರಿಗೆ ಆಗ ಕಿವಿ, ಮೀಸೆ ಮಾತ್ರ ಸಿಗುತ್ತವೆ. 100-400 ಜೂಮ್ ಸಾಕು. ಇನ್ನೊಂದು ಕ್ಯಾಮೆರಾಕ್ಕೆ 70-200 ಹಾಕಿಟ್ಟುಕೊಂಡರೆ ಧೂಳಿನಲ್ಲಿ ಲೆನ್ಸ್ ಬಿಚ್ಚುವ ಗೋಜಿಲ್ಲ. ಟ್ರೈಪಾಡ್ ಮನೆಯಲ್ಲಿರಲಿ. ಲೆನ್ಸ್ ಊರಿಡುವ ಚೀಲವಾದ ಬೀನ್ ಬ್ಯಾಗನ್ನು ಖಾಲಿ ಒಯ್ದು, ಅಲ್ಲಿ ಅಕ್ಕಿಯೋ ಕಡಲೆಯೋ ತುಂಬಿಸಿಕೊಳ್ಳಿ. ಎಂಜಿನ್ ನಿಲ್ಲಿಸಲು ಹೇಳಲು ಮರೆಯಬೇಡಿ, ಅದರ ನಡುಕಕ್ಕೇ ಅರ್ಧ ಚಿತ್ರಗಳು ಹಾಳಾಗುತ್ತವೆ. ಹುಲಿ ಹತ್ತಿರವಿದ್ದರೆ ಎದ್ದು ನಿಲ್ಲದೆ, ಆದಷ್ಟು ತಗ್ಗಿ ಕೂತು ತೆಗೆಯಿರಿ. ಮೇಲಿನಿಂದ ತೆಗೆದ ಹುಲಿ ಬೆಕ್ಕಾಗಿಬಿಡುತ್ತದೆ. ಶಟರ್ ವೇಗ ನಡೆಯುವ ಹುಲಿಗೆ ಬೆಳಕಿದ್ದರೆ 1/1000 ಸೆಕೆಂಡ್, ಮಬ್ಬಿನಲ್ಲಿ ಕೂತ ಹುಲಿಗೆ 1/250 ನಡೆಯುತ್ತದೆ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಬಿಸಿಲಲ್ಲಿ ಮುಖದ ಬಿಳಿ ಭಾಗ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ.

ಮಧ್ಯಾಹ್ನದ ಸಫಾರಿಯ ಮೊದಲ ಗಂಟೆಯಲ್ಲಿ ದೂರದ ಹುಲಿಗೆ ಮೆಮೊರಿ ಕಾರ್ಡ್ ತುಂಬಿಸಬೇಡಿ. ಕಾದ ನೆಲದಿಂದೇಳುವ ಬಿಸಿಗಾಳಿಯಲ್ಲಿ ಎಷ್ಟು ಲಕ್ಷದ ಲೆನ್ಸಾದರೂ ಪಟ್ಟೆಗಳು ಕಲಸಿಯೇ ಬರುತ್ತವೆ. ಸಂಜೆಯ ಕಡೆಯ ಅರ್ಧ ಗಂಟೆಗೆ ಕಾಯಿರಿ. ಆದರೆ ಗೇಟ್ ಮುಚ್ಚುವ ಹೊತ್ತಿಗೆ ಹೊರಗಿರಲೇಬೇಕು, ತಡವಾದರೆ ದಂಡ ತೆರುವವನು ಡ್ರೈವರ್.

ಹತ್ತಿರ ಹೋಗು, ಅಡ್ಡ ಹಾಕು ಎಂದು ಅವನನ್ನು ಪೀಡಿಸುವವರಿಗೆ ಒಂದು ಘಟನೆ ತಿಳಿದಿರಲಿ. 2024ರ ಡಿಸೆಂಬರ್ 31ರಂದು ತಾಡೋಬಾ ಇರುವ ವಿದರ್ಭ ಪ್ರದೇಶದ್ದೇ ಆದ ಉಮ್ರೇಡ್-ಪೌನಿ-ಕರ್ಹಾಂಡ್ಲಾ ಅಭಯಾರಣ್ಯದಲ್ಲಿ ಸಫಾರಿ ಗಾಡಿಗಳು ಒಂದು ತಾಯಿಹುಲಿ ಮತ್ತು ಮರಿಗಳನ್ನು ಎರಡೂ ಕಡೆಯಿಂದ ಅಡ್ಡಗಟ್ಟಿದವು. ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅಮಾನತಾದವರು ಡ್ರೈವರ್‌ಗಳು, ಗೈಡ್‌ಗಳು. ಅವರು ಸುತ್ತಲಿನ ಹಳ್ಳಿಯವರೇ. ನಾವು ಹುಲಿ ಹುಡುಕುವ ಅದೇ ಮೇ ತಿಂಗಳಲ್ಲಿ ಅವರ ಮನೆಯವರು ಬೀಡಿ ಸುತ್ತುವ ತೆಂದು ಎಲೆ ಕೊಯ್ಯಲು ಕಾಡಿಗೆ ಹೋಗುತ್ತಾರೆ, ಹುಲಿ ದಾಳಿಗೆ ಸಿಕ್ಕವರೂ ಇದ್ದಾರೆ. ಟಿಪ್ಸ್ ಕೊಡುವಾಗ ಹುಲಿ ಕಂಡಿತೋ ಇಲ್ಲವೋ ಎಂದು ಲೆಕ್ಕ ಹಾಕಬೇಡಿ.

ಚೀಲದಲ್ಲಿರಬೇಕಾದ್ದು: ಎರಡು ಲೀಟರ್ ನೀರು, ಓಆರ್‌ಎಸ್, ಮಣ್ಣಿನ ಬಣ್ಣದ ತೋಳುದ್ದ ಅಂಗಿ, ಕ್ಯಾಮೆರಾ ಮುಚ್ಚಲು ದೊಡ್ಡ ಹತ್ತಿ ಟವೆಲ್, ಒಂದು ಬ್ಲೋವರ್. ರಾತ್ರಿ ರೂಮಿಗೆ ಬಂದು ಲೆನ್ಸಿಗೆ ಬಟ್ಟೆ ತಾಗಿಸುವ ಮೊದಲು ಬ್ಲೋವರ್‌ನಿಂದ ಊದಿ. ಅಲ್ಲಿಯ ಧೂಳು ಒರೆಸಿದರೆ ಗಾಜು ಗೀರುತ್ತದೆ.