ದೌಗವ್‌ಪಿಲ್ಸ್‌ಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಲಾಟ್ವಿಯಾದ ರಾಜಧಾನಿ ರೀಗಾದಿಂದ ದೌಗವ್‌ಪಿಲ್ಸ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಮೂರೂವರೆ ಗಂಟೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದುಬಿಡೋಣ ಅಂತ ಲೆಕ್ಕ ಹಾಕಿದ್ದೆ. ಕೋಟೆಯೊಂದಕ್ಕೇ ದಿನವೆಲ್ಲ ಹೋಯಿತು.

ದೌಗವಾ ನದಿ ದಂಡೆಯ ಈ ಊರು ಲಾಟ್ವಿಯಾದಲ್ಲಿ ರೀಗಾ ಬಿಟ್ಟರೆ ದೊಡ್ಡದು. ಆಳುವವರು ಬದಲಾದ ಹಾಗೆ ಹೆಸರೂ ಬದಲಾಗಿದೆ. 1275ರಲ್ಲಿ ಜರ್ಮನ್ ನೈಟ್‌ಗಳು, ಅಂದರೆ ಕ್ರೈಸ್ತ ಧರ್ಮಯೋಧರು, ಕಟ್ಟಿದ್ದು ಡ್ಯೂನಬುರ್ಗ್. 17ನೇ ಶತಮಾನದಲ್ಲಿ ರಷ್ಯನ್ನರು ಬಂದು ಒಂದಷ್ಟು ವರ್ಷ ಬೊರಿಸೊಗ್ಲೆಬ್ಸ್ಕ್ ಅಂದರು. 1893ರಲ್ಲಿ ದ್ವಿನ್ಸ್ಕ್ ಆಯಿತು. ಈಗಿನ ಹೆಸರು 1920ರದ್ದು. ಬೋರ್ಡುಗಳೆಲ್ಲ ಲಾಟ್ವಿಯನ್‌ನಲ್ಲಿವೆ, ಬೀದಿಯಲ್ಲಿ ಕಿವಿಗೆ ಬೀಳುವುದು ಮಾತ್ರ ಜಾಸ್ತಿ ರಷ್ಯನ್. ಇಂಗ್ಲಿಷ್ ನಂಬಿಕೊಂಡು ಹೋಗಬೇಡಿ, ಫೋನಿನಲ್ಲಿ ಅನುವಾದದ ಆ್ಯಪ್ ಇರಲಿ.

ಕೋಟೆಗೆ ಟ್ರಾಮ್ ಹತ್ತಿ. ನೆಪೋಲಿಯನ್ ಬರ್ತಾನೆ ಅಂತ ರಷ್ಯನ್ನರು 1810ರಲ್ಲಿ ಕಟ್ಟಲು ಶುರು ಮಾಡಿದರು. 1812ರಲ್ಲಿ ಅವನ ಸೈನ್ಯ ಬಂದಾಗ ಕೆಲಸ ಇನ್ನೂ ಮುಗಿದಿರಲಿಲ್ಲ! ನಮ್ಮ ಕಡೆಯ ಬೆಟ್ಟದ ಕೋಟೆಗಳ ಹಾಗೆ ಹತ್ತುವ ಕೋಟೆಯಲ್ಲ ಇದು. ಮಣ್ಣಿನ ದಿಬ್ಬ, ಕಂದಕ, ಇಟ್ಟಿಗೆ ಗೋಡೆಗಳ ಒಳಗೆ ಒಂದು ಪೂರ್ತಿ ಊರೇ ಇದೆ. ಈಗಲೂ ಜನ ವಾಸವಿದ್ದಾರೆ. ಒಂದು ಕಟ್ಟಡಕ್ಕೆ ಹೊಸ ಬಣ್ಣ, ಪಕ್ಕದ್ದಕ್ಕೆ ಕಿಟಕಿಯೇ ಇಲ್ಲ. ಸುಮ್ನೆ ಅಲೆಯಲು ನನಗೆ ಇಷ್ಟವಾಗಿದ್ದು ಈ ಅರ್ಧಂಬರ್ಧ ನೋಟವೇ.

ಇಲ್ಲಿನ ಹಳೆಯ ಶಸ್ತ್ರಾಗಾರದಲ್ಲಿ 2013ರಿಂದ ಅಮೂರ್ತ ಚಿತ್ರಗಳಿಗೆ ಹೆಸರಾದ ಕಲಾವಿದ ಮಾರ್ಕ್ ರೋಥ್ಕೊ ಅವರ ಚಿತ್ರಗಳ ಮ್ಯೂಸಿಯಂ ಇದೆ. ಅವರು ಹುಟ್ಟಿದ್ದು ಇದೇ ಊರಿನ ಯಹೂದಿ ಕುಟುಂಬದಲ್ಲಿ, 1903ರಲ್ಲಿ. ಹತ್ತು ವರ್ಷದವರಿದ್ದಾಗ ಅಮೆರಿಕಕ್ಕೆ ಹೋದರು. ಆಗ ಊರಿನಲ್ಲಿ ಯಹೂದಿಗಳು ಅರ್ಧಕ್ಕೆ ಹತ್ತಿರವಿದ್ದರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಆ ಸಮುದಾಯವನ್ನೇ ಅಳಿಸಿಹಾಕಿದರು. ಇದು ಗೊತ್ತಿದ್ದು ಆ ಚಿತ್ರಗಳ ಮುಂದೆ ನಿಂತರೆ ಬೇಗ ಹೊರಡಲು ಆಗುವುದಿಲ್ಲ. ಕೈಯಲ್ಲಿ ಎರಡು ಗಂಟೆಯಾದರೂ ಇರಲಿ.

ಸಂಜೆಗೆ ಬಜ್ನೀತ್ಸ್‌ಕಾಲ್ನ್ಸ್, ಅಂದರೆ ಚರ್ಚ್ ಗುಡ್ಡ. ಲುಥೆರನ್, ಕ್ಯಾಥೊಲಿಕ್, ಆರ್ಥೊಡಾಕ್ಸ್, ಹಳೆಯ ಆಚರಣೆ ಬಿಡದ ರಷ್ಯನ್ನರು (ಓಲ್ಡ್ ಬಿಲೀವರ್ಸ್), ಕ್ರೈಸ್ತರ ಈ ನಾಲ್ಕೂ ಪಂಗಡಗಳ ಚರ್ಚುಗಳು ಅಕ್ಕಪಕ್ಕದಲ್ಲಿವೆ. ಒಳಗೆ ಹೋಗುವ ಹೆಂಗಸರು ತಲೆಗೊಂದು ದುಪಟ್ಟಾ ಇಟ್ಟುಕೊಂಡರೆ ಒಳ್ಳೆಯದು.

ಮಾರನೇ ಬೆಳಿಗ್ಗೆಗೆ 1885ರ ಕಾರ್ಖಾನೆ ಇಟ್ಟುಕೊಳ್ಳಿ, ಬೇಟೆ ಬಂದೂಕಿಗೆ ಹಾಕುವ ಸೀಸದ ಸಣ್ಣ ಗುಂಡುಗಳದ್ದು. ಕರಗಿದ ಸೀಸವನ್ನು ಗೋಪುರದ ತುದಿಯಿಂದ ಕೆಳಗಿನ ನೀರಿಗೆ ಬಿಡುತ್ತಾರೆ, ಬೀಳುತ್ತಾ ಬೀಳುತ್ತಾ ಅದು ಗುಂಡಗಾಗುತ್ತದೆ. ಮೊದಲೇ ಬುಕ್ ಮಾಡಿರಬೇಕು. ನಾನು ಮಾಡಿರಲಿಲ್ಲ, ಗೋಪುರವನ್ನು ಹೊರಗಿನಿಂದ ನೋಡಿ ಸ್ಟೇಷನ್ನಿಗೆ ನಡೆದೆ.